ಮಾತು, ಧಾಟಿ, ದನಿ, ಕೂಟ: ಶರೀಫರ ತತ್ವಪದಗಳ ರಾಕ್ ರೂಪ ಮತ್ತು ಕೇಳುಗರ ಭಿನ್ನಮತ

1. ಪ್ರಸ್ತಾವನೆ

ಜನರ ಬಾಯಲ್ಲಿ ನೆಲೆನಿಂತ ಹಾಡೊಂದು ಹೊಸ ವಾದ್ಯಮೇಳದೊಡನೆ ಹೊಸ ಆಲ್ಬಮ್ಮಿನಲ್ಲಿ ಬಂದಾಗ ಕೆಲವು ಕೇಳುಗರು ಅದನ್ನು ತುಂಬುಮನಸ್ಸಿನಿಂದ ಸ್ವೀಕರಿಸುತ್ತಾರೆ, ಕೆಲವರು ಅಪಚಾರವೆಂದು ತಳ್ಳಿಹಾಕುತ್ತಾರೆ, ಇನ್ನು ಕೆಲವರು ಒಂದು ಹಾಡನ್ನು ಮೆಚ್ಚಿ ಮತ್ತೊಂದನ್ನು ಬಿಡುತ್ತಾರೆ. ಇಂಥ ಮಿಶ್ರ ಪ್ರತಿಕ್ರಿಯೆಯನ್ನು ಅಭಿರುಚಿಯ ಭೇದವೆಂದೋ ತಲೆಮಾರಿನ ಅಂತರವೆಂದೋ ವಿವರಿಸಿ ಮುಂದೆ ಸಾಗುವುದು ರೂಢಿಯಾಗಿದೆ. ಆದರೆ ಈ ವಿವರಣೆಯಿಂದ ಒಂದೇ ಮನೆಯ, ಒಂದೇ ವಯಸ್ಸಿನ ಇಬ್ಬರು ಕೇಳುಗರು ಏಕೆ ಭಿನ್ನವಾಗಿ ಸ್ಪಂದಿಸುತ್ತಾರೆಂಬುದು ತಿಳಿಯುವುದಿಲ್ಲ. ಶಿಶುನಾಳ ಶರೀಫರ ತತ್ವಪದಗಳು ಭಜನಾ ಕೂಟದಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ರಾಕ್ ವೇದಿಕೆಗೆ ಸಾಗಿದ ಬಗೆಯನ್ನು ಪರಿಶೀಲಿಸುವ ಪ್ರಸ್ತುತ ಲೇಖನವು, ಕೇಳುಗರ ಭಿನ್ನಮತದ ಬೇರು ಅವರವರು ಯಾವುದನ್ನು 'ಹಾಡು' ಎಂದು ಹಿಡಿದುಕೊಂಡಿದ್ದಾರೆ ಎಂಬುದರಲ್ಲಿದೆ ಎಂದು ವಾದಿಸುತ್ತದೆ. ತತ್ವಪದದಲ್ಲಿ ಮಾತು, ಧಾಟಿ, ದನಿ ಮತ್ತು ಕೂಟ ಎಂಬ ನಾಲ್ಕು ಅಂಗಗಳನ್ನು ಗುರುತಿಸಿದರೆ, ಪ್ರತಿಯೊಂದು ರೂಪಾಂತರವೂ ಇವುಗಳಲ್ಲಿ ಕೆಲವನ್ನು ಉಳಿಸಿಕೊಂಡು ಕೆಲವನ್ನು ಬಿಟ್ಟುಕೊಟ್ಟಿರುವುದು ಕಾಣುತ್ತದೆ.

2. ನೆಲೆ: ಶಿಶುನಾಳ ಮತ್ತು ಮುಂಡಗೋಡದ ಸೀಮೆ

ಶರೀಫರು (1819–1889) ಬಾಳಿದ ಶಿಶುನಾಳ ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನಲ್ಲಿದೆ. ಆ ತಾಲ್ಲೂಕಿಗೆ ಪಶ್ಚಿಮದಲ್ಲಿ ಹೊಂದಿಕೊಂಡಿರುವುದೇ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ. ಬಯಲುಸೀಮೆ ಮುಗಿದು ಮಲೆನಾಡು ತೊಡಗುವ ಈ ಅರೆಮಲೆನಾಡಿನಲ್ಲಿ ಆಡುಮಾತು ಧಾರವಾಡ–ಹಾವೇರಿ ಕಡೆಯದಕ್ಕೆ ಹತ್ತಿರವಾಗಿರುವುದರಿಂದ ಶರೀಫರ ಪದಗಳ ನುಡಿ ಇಲ್ಲಿನವರಿಗೆ ಮನೆಯ ಮಾತೇ ಆಗಿದೆ. ಮುಸ್ಲಿಂ ಮನೆತನದಲ್ಲಿ ಹುಟ್ಟಿ, ಕಳಸದ ಬ್ರಾಹ್ಮಣ ಗುರು ಗೋವಿಂದ ಭಟ್ಟರ ಶಿಷ್ಯರಾದ ಶರೀಫರ ಗದ್ದುಗೆಗೆ ಇಂದಿಗೂ ಎರಡೂ ಸಮುದಾಯಗಳ ಭಕ್ತರು ನಡೆದುಕೊಳ್ಳುತ್ತಾರೆ.

ಮುಂಡಗೋಡದ ನಾದಪರಿಸರಕ್ಕೆ ಇನ್ನೂ ಎರಡು ಧಾರೆಗಳಿವೆ. ಮುಂಡಗೋಡ, ಹಳಿಯಾಳ, ಯಲ್ಲಾಪುರ, ಜೋಯಿಡಾಗಳ ಕಾಡಂಚಿನಲ್ಲಿ ನೆಲೆಸಿರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಡಮಾಮಿ ವಾದನ ಹಾಗೂ ಕುಣಿತ ಒಂದು. 1966ರಲ್ಲಿ ಸ್ಥಾಪನೆಯಾದ ಟಿಬೆಟನ್ ನಿರಾಶ್ರಿತರ ವಸತಿಯಲ್ಲಿ ಪುನಃ ನೆಲೆಗೊಂಡ ಡ್ರೆಪುಂಗ್ ಮತ್ತು ಗಾಂಡೆನ್ ಬೌದ್ಧ ವಿಹಾರಗಳ ಮಂತ್ರಪಠಣ ಇನ್ನೊಂದು. ಡ್ರೆಪುಂಗ್ ಲೋಸೆಲಿಂಗ್ ಭಿಕ್ಷುಗಳ ತಂಡಗಳು, ಒಂದೇ ಕಂಠದಿಂದ ಅತಿ ಮಂದ್ರ ಸ್ವರವನ್ನೂ ಅದರ ಮೇಲಿನ ಉಪಸ್ವರವನ್ನೂ ಏಕಕಾಲಕ್ಕೆ ಕೇಳಿಸುವ ತಮ್ಮ ಪಠಣವನ್ನು ಪರದೇಶಗಳ ವೇದಿಕೆಗಳಿಗೂ ಧ್ವನಿಮುದ್ರಿಕೆಗಳಿಗೂ ಒಯ್ದಿವೆ. ಸಾಧನೆಯ ಭಾಗವಾಗಿರುವ ಪಠಣವು ಟಿಕೆಟ್ ಕೊಂಡು ಬಂದ ಸಭಿಕರಿಗೆ ನಾದವಿಶೇಷವಾಗಿ ಕೇಳಿಸುವಾಗ ಅದರ ಧ್ವನಿ ಬದಲಾಗಿರುವುದಿಲ್ಲ, ಕೂಟ ಬದಲಾಗಿರುತ್ತದೆ. ಹಾಡಿನ ಅಂಗಗಳು ಒಂದರಿಂದೊಂದು ಬೇರ್ಪಡಬಲ್ಲವು ಎಂಬುದಕ್ಕೆ ಹೀಗೆ ಈ ತಾಲ್ಲೂಕಿನೊಳಗೇ ಒಂದು ನಿದರ್ಶನ ದೊರೆಯುತ್ತದೆ.

3. ತತ್ವಪದದ ನಾಲ್ಕು ಅಂಗಗಳು

ತತ್ವಪದವೆಂದರೆ ಅನುಭಾವದ ವಿಚಾರವನ್ನು ದಿನಬಳಕೆಯ ವಸ್ತುವಿನ ಮೂಲಕ ಹೇಳುವ, ಪಲ್ಲವಿ ಹಾಗೂ ಹಲವು ನುಡಿಗಳುಳ್ಳ, ಕೊನೆಯಲ್ಲಿ ಅಂಕಿತವಿರುವ ಹಾಡು. ಅದರ ಮೊದಲ ಅಂಗವಾದ ಮಾತು ಬಹುಮಟ್ಟಿಗೆ ಬೆಡಗಿನದು. ಹೊರಗೆ ಒಗಟಿನಂತೆ ಕಂಡು ಒಳಗೆ ತತ್ವವನ್ನು ಬಚ್ಚಿಟ್ಟುಕೊಳ್ಳುವ ಈ ಕ್ರಮಕ್ಕೆ ಅಲ್ಲಮಪ್ರಭುವಿನ ವಚನಗಳಲ್ಲಿಯೂ ಕಬೀರನ ಉಲಟಬಾಂಸಿ ಎಂಬ ತಲೆಕೆಳಗಿನ ಮಾತುಗಳಲ್ಲಿಯೂ ನೆಂಟಸ್ತಿಕೆಯಿದೆ. ಶರೀಫರ ಗುಡುಗುಡಿಯ ಪದದಲ್ಲಿ ಹುಕ್ಕಾ ಸೇದುವ ಕ್ರಿಯೆ ದೇಹ ಮತ್ತು ಸಾಧನೆಯ ರೂಪಕವಾಗುತ್ತದೆ. ಸೋರುವ ಮಾಳಿಗೆಯ ಪದದಲ್ಲಿ ಅಜ್ಞಾನದಿಂದ ಶಿಥಿಲವಾಗುವ ಬಾಳು ಮಣ್ಣಿನ ಮಾಳಿಗೆಯ ಮನೆಯಾಗುತ್ತದೆ. ಕೋಡಗ ಮತ್ತು ಕೋಳಿಯ ಪದದಲ್ಲಿ ಅಸಂಭವಗಳ ಸರಣಿಯೇ ಗುರುಕೃಪೆಯ ದಾರಿಯನ್ನು ತೋರುತ್ತದೆ.

ಎರಡನೆಯ ಅಂಗವಾದ ಧಾಟಿ, ಅಂದರೆ ಹಾಡುವ ಮಟ್ಟು, ಬಾಯಿಂದ ಬಾಯಿಗೆ ಸಾಗಿಬಂದದ್ದು. ಶರೀಫರು ಸ್ವರಲಿಪಿಯನ್ನು ಬಿಟ್ಟುಹೋಗಲಿಲ್ಲವಾದ್ದರಿಂದ ಒಂದೇ ಪದ ಊರಿನಿಂದ ಊರಿಗೆ ಬೇರೆ ಧಾಟಿಯಲ್ಲಿ ಕೇಳಿಬರುವುದು ಪರಂಪರೆಯೊಳಗಿನ ಸಹಜ ಸ್ಥಿತಿಯೇ ಆಗಿದೆ. ಮೂರನೆಯದಾದ ದನಿ ಎಂಬುದರಲ್ಲಿ ಕಂಠದ ಗುಣ, ಉಚ್ಚಾರ ಮತ್ತು ಪಕ್ಕವಾದ್ಯಗಳು ಸೇರುತ್ತವೆ. ನಾಲ್ಕನೆಯದು ಕೂಟ: ಏಕತಾರಿ, ದಮ್ಮಡಿ, ತಾಳ, ಹಾರ್ಮೋನಿಯಂಗಳೊಡನೆ ಕುಳಿತ ಮೇಳದಲ್ಲಿ ಮುಂದಾಳು ಒಂದು ಸೊಲ್ಲು ಹೇಳಿದರೆ ಉಳಿದವರು ಅದನ್ನು ಮರುನುಡಿಯುತ್ತಾರೆ. ಈ ಮರುನುಡಿಯಿಂದ ಅರ್ಥಕ್ಕೂ ಒಂದು ಉಪಕಾರವಾಗುತ್ತದೆ; ಬೆಡಗಿನ ಸೊಲ್ಲು ಮನಸ್ಸಿನಲ್ಲಿ ಬಿಚ್ಚಿಕೊಳ್ಳಲು ಬೇಕಾದ ಬಿಡುವು ಅದರಿಂದಲೇ ದೊರೆಯುತ್ತದೆ. ಸಮಯದ ಮಿತಿಯಿಲ್ಲದ ಭಜನೆಯಲ್ಲಿ ಪದವನ್ನು ನಿಲ್ಲಿಸಿ ಅರ್ಥ ಹೇಳುವುದಕ್ಕೂ ಅವಕಾಶವಿರುತ್ತದೆ.

4. ಮೊದಲ ರೂಪಾಂತರ: ಕ್ಯಾಸೆಟ್ಟು ಮತ್ತು ಚಲನಚಿತ್ರ

ಕವಿತೆಯನ್ನು ರಾಗಕ್ಕೆ ಅಳವಡಿಸಿ ಹಾಡುವ ಸುಗಮ ಸಂಗೀತವು ಪಿ. ಕಾಳಿಂಗರಾಯರಿಂದ ಕನ್ನಡದಲ್ಲಿ ಜನಪ್ರಿಯವಾಗಿ, 1978ರಲ್ಲಿ ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ಟಿನೊಂದಿಗೆ ಮನೆಮನೆಯನ್ನು ಹೊಕ್ಕಿತು. ಇದೇ ಹಾದಿಯಲ್ಲಿ ಶರೀಫರ ಪದಗಳನ್ನು ನಾಡಿನುದ್ದಕ್ಕೂ ಹರಡಿದವರಲ್ಲಿ ಸಿ. ಅಶ್ವತ್ಥ್ (1939–2009) ಪ್ರಮುಖರು. ಟಿ. ಎಸ್. ನಾಗಾಭರಣ ನಿರ್ದೇಶಿಸಿದ, ಶ್ರೀಧರ್ ಅವರು ಶರೀಫರಾಗಿಯೂ ಗಿರೀಶ್ ಕಾರ್ನಾಡರು ಗೋವಿಂದ ಭಟ್ಟರಾಗಿಯೂ ಅಭಿನಯಿಸಿದ 1990ರ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೆ ಅಶ್ವತ್ಥರದೇ ಸಂಗೀತವಿದ್ದು, ಅವರ ಏರುದನಿಯೇ ಬಹುಪಾಲು ಕನ್ನಡಿಗರ ಪಾಲಿಗೆ ಶರೀಫರ ದನಿಯಾಯಿತು.

ಈ ರೂಪಾಂತರದಲ್ಲಿ ಮಾತು ಸ್ಪಷ್ಟವಾಗಿ ಉಳಿಯಿತು. ಆದರೆ ಊರೂರಿನ ಹಲವು ಧಾಟಿಗಳ ಜಾಗದಲ್ಲಿ ಒಂದು ಧಾಟಿ ಸ್ಥಿರವಾಯಿತು, ಮೇಳದ ಜಾಗದಲ್ಲಿ ಒಬ್ಬ ಗಾಯಕ ನಿಂತನು, ಮರುನುಡಿಯುತ್ತಿದ್ದವನು ಮನೆಯಲ್ಲಿ ಕುಳಿತು ಆಲಿಸುವ ಶ್ರೋತೃವಾದನು. ಇದರೊಂದಿಗೆ ಭಾಷೆಯ ಪ್ರಶ್ನೆಯೂ ಎದ್ದಿತು. 'ಮನೆ' ಎಂಬುದು 'ಮನಿ'ಯಾಗಿ, 'ಮಾಳಿಗೆ' ಎಂಬುದು 'ಮಾಳಿಗಿ'ಯಾಗಿ ಪದಾಂತ್ಯದ ಎಕಾರವು ಇಕಾರವಾಗುವ ಉತ್ತರ ಕರ್ನಾಟಕದ ಉಚ್ಚಾರವು ಹಳೆ ಮೈಸೂರಿನ ಗಾಯಕರ ಬಾಯಲ್ಲಿ ಎಷ್ಟು ಸಹಜವಾಗಿ ಬರುತ್ತದೆಂಬುದು ಶಿಗ್ಗಾಂವಿ–ಮುಂಡಗೋಡ ಸೀಮೆಯ ಕಿವಿಗೆ ಕೂಡಲೇ ಗೊತ್ತಾಗುವ ಸಂಗತಿ. ಬೆಂಗಳೂರಿನ ಕೇಳುಗನಿಗೆ 'ಮೂಲ'ವೆಂದು ತೋರುವ ಮುದ್ರಿಕೆಯು ಶಿಶುನಾಳದ ಸುತ್ತಲಿನ ಭಜನಾಕಾರನಿಗೆ ಆಗಲೇ ಒಂದು ರೂಪಾಂತರವಾಗಿತ್ತು.

5. ಎರಡನೆಯ ರೂಪಾಂತರ: ರಾಕ್

ರಾಕ್ ಎಂಬುದು ವಿದ್ಯುತ್ ಗಿಟಾರು, ಬೇಸ್ ಗಿಟಾರು ಮತ್ತು ಡ್ರಮ್‌ಗಳ ಬಲವಾದ ಲಯದ ಮೇಲೆ ನಿಲ್ಲುವ ಪಾಶ್ಚಾತ್ಯ ಸಂಗೀತ ಪ್ರಕಾರ; ಗಿಟಾರಿನ ನಾದವನ್ನು ಉದ್ದೇಶಪೂರ್ವಕವಾಗಿ ಒಡಕುಗೊಳಿಸಿ, ಲಯವನ್ನು ಇನ್ನಷ್ಟು ಭಾರಗೊಳಿಸಿ, ಬ್ರಿಟನ್ನಿನಲ್ಲಿ 1970ರ ಸುಮಾರಿಗೆ ರೂಪುಗೊಂಡ ಅದರ ಕವಲೇ ಹೆವಿ ಮೆಟಲ್. ಬೆಂಗಳೂರಿನಲ್ಲಿ ಈ ಕವಲಿಗೆ ಗಟ್ಟಿಯಾದ ಅಭಿಮಾನಿವರ್ಗವಿದೆ. 1998ರಲ್ಲಿ ಆರಂಭವಾದ ಕ್ರಿಪ್ಟೋಸ್ ತಂಡ ಇಲ್ಲಿಯದೇ, ಮತ್ತು ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳು ಕಛೇರಿ ನಡೆಸಿದವು. ಆದರೆ ಬೆಂಗಳೂರಿನ ಮೆಟಲ್ ತಂಡಗಳು ಬಹುತೇಕ ಇಂಗ್ಲಿಷಿನಲ್ಲಿಯೇ ಹಾಡಿಕೊಂಡು ಬಂದಿರುವುದರಿಂದ ಕನ್ನಡದ ಪದ ಮತ್ತು ವಿದ್ಯುತ್ ಗಿಟಾರು ಎದುರುಬದುರಾದದ್ದು ಮೆಟಲ್‌ಗಿಂತ ಸೌಮ್ಯವಾದ ಜಾನಪದ ರಾಕ್‌ನಲ್ಲಿ.

ಮೈಸೂರಿನಲ್ಲಿ ಬೆಳೆದು, ಭರತನಾಟ್ಯ ಕಲಿತು, 'ಅಂತರಾಗ್ನಿ' ತಂಡವನ್ನು ಕಟ್ಟಿದ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ 2008ರಲ್ಲಿ ವಿಶಾಲ್–ಶೇಖರ್ ಜೋಡಿಯ ಕೌಂಟರ್ ಕಲ್ಚರ್ ರೆಕಾರ್ಡ್ಸ್ ಸಂಸ್ಥೆಯಿಂದ ಹೊರಬಂದಿತು. ಹಿಂದಿ ಮತ್ತು ಇಂಗ್ಲಿಷ್ ಹಾಡುಗಳ ನಡುವೆ ಅದರಲ್ಲಿ ಶರೀಫರ ಗುಡುಗುಡಿ ಮತ್ತು ಮಾಳಿಗೆಯ ಪದಗಳಿದ್ದವು. 2013ರ 'ಜಗ್ ಚಂಗಾ' ಆಲ್ಬಮ್ಮಿನಲ್ಲಿಯೂ ಅವರು ಶರೀಫರತ್ತ ಮರಳಿದರು. ಲುಂಗಿ ಮತ್ತು ಗೆಜ್ಜೆ ತೊಟ್ಟು ಹಾಡುವ, ಅಂತರಾಗ್ನಿಯ ನಂತರದ ಅವರ ತಂಡ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಅವರ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿತು.

ಇಂಥ ಪ್ರಯೋಗಗಳಿಗೆ ಬರುವ ಆಕ್ಷೇಪಗಳನ್ನು ಬಿಡಿಸಿ ನೋಡಿದರೆ ಪ್ರತಿಯೊಂದೂ ಬೇರೊಂದು ಅಂಗವನ್ನು ಕಾಯುತ್ತಿರುವುದು ತಿಳಿಯುತ್ತದೆ. ಹುಕ್ಕಾ ಸಾಧನೆಯ ರೂಪಕವಾಗಿ ಉಳಿಯದೆ ಮೋಜಿನ ವಸ್ತುವಾದೀತೆಂಬ ಆತಂಕ ಮಾತಿಗೆ ಸಂಬಂಧಿಸಿದ್ದು. ಅಶ್ವತ್ಥರ ಹಾಗಿಲ್ಲ ಎಂಬ ಅಸಮಾಧಾನ ಧಾಟಿ ಮತ್ತು ದನಿಗೆ ಸಂಬಂಧಿಸಿದ್ದು. ಕುಡಿದು ಕುಣಿಯುವ ಜಾಗದಲ್ಲಿ ಸಂತನ ಪದ ಸಲ್ಲದು ಎಂಬ ನಿಲುವು ಕೂಟವನ್ನು ಕುರಿತದ್ದು. ಮೆಚ್ಚುಗೆಯೂ ಹೀಗೆಯೇ ಹಂಚಿಹೋಗಿದೆ: ಕನ್ನಡ ಬಾರದ ಕೇಳುಗನು ಲಯವನ್ನು ಮೆಚ್ಚಿದರೆ, ಪರವೂರಿನಲ್ಲಿರುವ ಕನ್ನಡಿಗನು ದೊಡ್ಡ ವೇದಿಕೆಯಲ್ಲಿ ತನ್ನ ನುಡಿ ಮೊಳಗಿದ್ದನ್ನು ಮೆಚ್ಚುತ್ತಾನೆ. ಎರಡೂ ಪಕ್ಷಗಳು 'ಹಾಡು' ಎಂಬ ಒಂದೇ ಶಬ್ದವನ್ನು ಬಳಸುವುದರಿಂದ ವಾದ ಒಂದೇ ವಸ್ತುವನ್ನು ಕುರಿತದ್ದೆಂಬ ಭ್ರಮೆ ಹುಟ್ಟುತ್ತದೆ.

6. ಹೋಲಿಕೆ: ಜಪಾನಿನ ಮೆಟಲ್

ಈ ವಿಭಜನೆ ಕನ್ನಡಕ್ಕಷ್ಟೇ ವಿಶಿಷ್ಟವಲ್ಲವೆಂಬುದಕ್ಕೆ ಜಪಾನಿನ ಬೇಬಿಮೆಟಲ್ ತಂಡ ಸಾಕ್ಷಿ ಒದಗಿಸುತ್ತದೆ. ಹದಿಹರೆಯದ ಹುಡುಗಿಯರ ಹಾಡುಕುಣಿತದ 'ಐಡಲ್' ಸಂಪ್ರದಾಯವನ್ನು ಹೆವಿ ಮೆಟಲ್ ವಾದನದೊಡನೆ ಬೆಸೆದು 2010ರಲ್ಲಿ ಹುಟ್ಟಿದ ಈ ತಂಡ, 2016ರಲ್ಲಿ ಲಂಡನ್ನಿನ ವೆಂಬ್ಲಿ ಅರೀನಾದಲ್ಲಿಯೂ ಟೋಕಿಯೊ ಡೋಮ್‌ನಲ್ಲಿಯೂ ಕಛೇರಿ ನಡೆಸುವಷ್ಟು ಬೆಳೆಯಿತು. 2018ರಲ್ಲಿ ಮೂವರು ಗಾಯಕಿಯರಲ್ಲಿ ಒಬ್ಬರಾದ ಯುಯಿಮೆಟಲ್ ತಂಡವನ್ನು ತೊರೆದ ಬಳಿಕ, 2019ರ ಅಕ್ಟೋಬರಿನಲ್ಲಿ ಬಂದ 'ಮೆಟಲ್ ಗ್ಯಾಲಕ್ಸಿ' ಆಲ್ಬಮ್ಮಿನಲ್ಲಿ ನೃತ್ಯಸಂಗೀತ, ಲ್ಯಾಟಿನ್ ಲಯ, ಭಾರತೀಯ ಛಾಯೆಯ 'ಶಾಂತಿ ಶಾಂತಿ ಶಾಂತಿ' ಎಂಬ ಹಾಡು ಎಲ್ಲವೂ ಒಟ್ಟಿಗೆ ಸೇರಿದವು. ಮೆಟಲ್‌ನ ಭಾರವನ್ನೇ ತಂಡದ ತಿರುಳೆಂದು ಹಿಡಿದಿದ್ದವರಿಗೆ ಅದು ಸಡಿಲವೆನಿಸಿದರೆ, ಬೆರಕೆಯನ್ನೇ ತಿರುಳೆಂದು ಬಗೆದವರಿಗೆ ಅದು ಸಹಜ ಬೆಳವಣಿಗೆಯಾಗಿ ಕಂಡಿತು. ಮೂವರ ಕೂಟವೇ ತಂಡವೆಂದು ನಂಬಿದ್ದವರಿಗೆ ಸಂಗೀತ ಹೇಗಿದ್ದರೂ ಒಂದು ಸ್ಥಾನ ಖಾಲಿಯಾಗಿಯೇ ಉಳಿಯಿತು. ಅದೇ ತಂಡ 2025ರ 'ಮೆಟಲ್ ಫೋರ್ತ್' ಆಲ್ಬಮ್ಮಿನಲ್ಲಿ, ಭಾರತೀಯ ಜಾನಪದ ವಾದ್ಯಗಳನ್ನು ಮೆಟಲ್‌ಗೆ ಬೆಸೆಯುವ ದೆಹಲಿಯ ಬ್ಲಡಿವುಡ್ ತಂಡದೊಡನೆ ಕೈಜೋಡಿಸಿತು.

ತತ್ವಪದಕ್ಕೆ ಇನ್ನೂ ಹತ್ತಿರದ ಹೋಲಿಕೆ ಜಪಾನಿನ ವಾಗಕ್ಕಿ ಬ್ಯಾಂಡ್. ಕೋತೊ, ಶಮಿಸೆನ್ ಎಂಬ ತಂತಿವಾದ್ಯಗಳು, ಶಾಕುಹಾಚಿ ಎಂಬ ಬಿದಿರ ಕೊಳಲು ಮತ್ತು ತೈಕೊ ಮದ್ದಲೆಗಳನ್ನು ರಾಕ್ ವಾದ್ಯಗಳ ಪಕ್ಕದಲ್ಲಿ ನಿಲ್ಲಿಸಿದ ಈ ತಂಡದ ಗಾಯಕಿ, ಕವಿತೆಯನ್ನು ರಾಗವಾಗಿ ಪಠಿಸುವ 'ಶಿಗಿನ್' ಪರಂಪರೆಯಲ್ಲಿ ತರಬೇತಾದವರು. ಅಲ್ಲಿ ದನಿ ಹಳೆಯದು, ಹಾಡು ಹೊಸದು. ಶರೀಫರ ರಾಕ್ ರೂಪದಲ್ಲಿ ಮಾತು ಹಳೆಯದು, ದನಿ ಹೊಸದು. ಹಾಡಿದ ತಂಡದ್ದೇ ಆದ ಹೊಸ ಹಾಡು ಹಿಡಿಸದಿದ್ದರೆ ಕೇಳುಗನು ಅದನ್ನು ಬಿಟ್ಟು ಮುನ್ನಡೆಯಬಲ್ಲನು. ಸಮುದಾಯದ ಸೊತ್ತಾದ ಮಾತು ಬದಲಾದಂತೆ ತೋರಿದಾಗ ತನ್ನ ಪಾಲಿಗೇ ಕೈಹಾಕಿದಂತೆ ಭಾವಿಸುತ್ತಾನೆ. ಶರೀಫರ ಪದಗಳ ವಿಚಾರದಲ್ಲಿ ಆಕ್ಷೇಪದ ತೀವ್ರತೆ ಹೆಚ್ಚಿರುವುದಕ್ಕೆ ಇದು ಕಾರಣ.

7. ಪಡೆದುದು ಮತ್ತು ಕಳೆದುದು

ಯಾವ ಅಂಗವನ್ನು ಬೇಕಾದರೂ ಬಿಡಬಹುದೆಂಬ ತೀರ್ಮಾನಕ್ಕೆ ಈ ವಿಶ್ಲೇಷಣೆ ಒಯ್ಯುವುದಿಲ್ಲ. ಬೆಡಗಿನ ಹಾಡಿಗೆ ಬಿಡುವು ಬೇಕು. ಲಯ ಓಡುತ್ತಿರುವಾಗ, ನಾದ ಕಿವಿ ತುಂಬಿರುವಾಗ ಒಗಟಿನ ಹೊರಮೈ ಮಾತ್ರ ಕೈಗೆ ಸಿಕ್ಕಿ ಒಳತಿರುಳು ಜಾರಿಹೋಗುವ ಸಾಧ್ಯತೆ ನಿಜವಾದದ್ದು. ಮಾಳಿಗೆಯ ಪದ ಇದನ್ನು ಹೆಚ್ಚು ತಾಳಿಕೊಳ್ಳುತ್ತದೆ, ಏಕೆಂದರೆ ಸೋರುವ ಮನೆಯ ಸಂಕಟ ಅರ್ಥ ಬಿಚ್ಚುವ ಮೊದಲೇ ತಟ್ಟುವಂಥದು. ಗುಡುಗುಡಿಯ ಪದ ಕಡಿಮೆ ತಾಳಿಕೊಳ್ಳುತ್ತದೆ, ಏಕೆಂದರೆ ಅದರ ಹೊರಮೈ ಸ್ವತಃ ಒಂದು ಸುಖದ ಆಹ್ವಾನವಾಗಿದ್ದು ಕೇಳುಗನು ಅಲ್ಲಿಯೇ ನಿಂತುಬಿಡಬಹುದು. ಒಂದೇ ಆಲ್ಬಮ್ಮಿನ ಎರಡು ಪದಗಳಿಗೆ ಒಬ್ಬನೇ ಕೇಳುಗ ಬೇರೆ ಬೇರೆ ರೀತಿಯಲ್ಲಿ ಸ್ಪಂದಿಸುವುದು ಹೀಗೆ ವಿವರಣೆಗೆ ಒಳಪಡುತ್ತದೆ.

ಇದರ ಮತ್ತೊಂದು ಮಗ್ಗುಲನ್ನು ವಿಮರ್ಶೆ ಸಾಮಾನ್ಯವಾಗಿ ಗಮನಿಸಿಲ್ಲ. ಕ್ಯಾಸೆಟ್ಟು ಮಾತನ್ನು ಉಳಿಸಿ ಕೂಟವನ್ನು ಕಳೆಯಿತು. ರಾಕ್ ವೇದಿಕೆ ಮಾತನ್ನು ಅಪಾಯಕ್ಕೆ ಒಡ್ಡಿ ಕೂಟದ ಒಂದು ಭಾಗವನ್ನು ಮರಳಿ ತಂದಿತು. ಮೈದಾನದಲ್ಲಿ ಗಾಯಕ ಪಲ್ಲವಿ ಎತ್ತಿ ಮೈಕನ್ನು ಸಭೆಯತ್ತ ಚಾಚಿದಾಗ ಸಾವಿರ ಕಂಠಗಳು ಅದನ್ನು ಮರುನುಡಿಯುವ ಕ್ರಮವು, ಮುಂದಾಳು ಹೇಳಿದ ಸೊಲ್ಲನ್ನು ಮೇಳ ಎತ್ತಿಕೊಳ್ಳುವ ಭಜನೆಯ ಕ್ರಮಕ್ಕೆ ಕ್ಯಾಸೆಟ್ಟಿನ ಮುಂದೆ ಮೌನವಾಗಿ ಕುಳಿತ ಆಲಿಕೆಗಿಂತ ಹತ್ತಿರದ್ದು. ಪರಂಪರೆಯ ಹೆಸರಿನಲ್ಲಿ ರಾಕ್ ರೂಪವನ್ನು ಅಲ್ಲಗಳೆಯುವ ಕೇಳುಗನು ಅನೇಕ ವೇಳೆ ಕಾಯುತ್ತಿರುವುದು ಭಜನೆಯನ್ನಲ್ಲ, ತಾನು ಮೊದಲು ಕೇಳಿದ ಮುದ್ರಿಕೆಯನ್ನು.

8. ಸಮಾರೋಪ

ಹೊಸ ಆಲ್ಬಮ್ಮಿಗೆ ದೊರೆಯುವ ಮಿಶ್ರ ಪ್ರತಿಕ್ರಿಯೆಯನ್ನು ಪರ ಮತ್ತು ವಿರೋಧ ಎಂದು ಎಣಿಸುವುದಕ್ಕಿಂತ ಯಾವ ಅಂಗದ ಪರವಾಗಿ ಯಾರು ಮಾತನಾಡುತ್ತಿದ್ದಾರೆಂದು ವಿಂಗಡಿಸುವುದು ಹೆಚ್ಚು ಫಲಕಾರಿ. ಹಾಗೆ ವಿಂಗಡಿಸಿದಾಗ ಶರೀಫರ ಪದಗಳ ರಾಕ್ ರೂಪವು ಧಾಟಿಯ ವಿಷಯದಲ್ಲಿ ಪರಂಪರೆಗೆ ಹೊರತಾದುದೇನನ್ನೂ ಮಾಡಿಲ್ಲವೆಂದೂ, ಕೂಟದ ವಿಷಯದಲ್ಲಿ ಕಳೆದಿದ್ದ ಮರುನುಡಿಯನ್ನು ಮರಳಿಸಿದೆಯೆಂದೂ, ಮಾತಿನ ವಿಷಯದಲ್ಲಿ ಮಾತ್ರ ಅದರ ಹೊಣೆ ಇನ್ನೂ ತೀರಿಲ್ಲವೆಂದೂ ಕಂಡುಬರುತ್ತದೆ. ಭಜನೆಯಲ್ಲಿ ಪದವನ್ನು ತಡೆದು ಅರ್ಥ ಹೇಳುತ್ತಿದ್ದ ಹಿರಿಯನ ಸ್ಥಾನ ರಾಕ್ ವೇದಿಕೆಯ ಮೇಲೆ ಯಾರದು ಎಂಬ ಪ್ರಶ್ನೆಗೆ ಪ್ರತಿ ಪ್ರಯೋಗವೂ ಉತ್ತರ ಕೊಡಬೇಕಾಗುತ್ತದೆ. ಹಾಡು ಮುಗಿದ ಮೇಲೂ ಹುಕ್ಕಾ ಬರಿಯ ಹುಕ್ಕಾ ಆಗಿಯೇ ಉಳಿದರೆ ಆಕ್ಷೇಪಿಸಿದವರ ಮಾತಿನಲ್ಲಿ ಹುರುಳಿತ್ತೆಂದೇ ಒಪ್ಪಬೇಕಾಗುತ್ತದೆ.