ಸಾಕ್ಷಿಯ ಮೌನ: ಮಿಂಚಂಚೆಯ ಶೋಧನೆಯಲ್ಲಿ ಹಿನ್ನೆಲೆ ಪ್ರಶ್ನೆಗಳ ಇತಿಹಾಸ

ಮಿಂಚಂಚೆಯಲ್ಲಿ ಬೇಡದ ಓಲೆಗಳ ಉಪದ್ರವವು ಹೊಸದಲ್ಲ. ಕ್ರಿ. ಶ. ೧೯೭೮ನೆಯ ಮೇ ತಿಂಗಳಿನಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯ ಗ್ಯಾರಿ ಥ್ಯೂರ್ಕ್ ಎಂಬವರು ಅರ್ಪಾನೆಟ್ ಜಾಲದ ಸುಮಾರು ೪೦೦ ಮಂದಿಗೆ ಒಂದೇ ಜಾಹೀರಾತನ್ನು ಕಳುಹಿಸಿದುದನ್ನು ಇದರ ಆರಂಭವೆಂದು ಗಣಿಸುವುದು ವಾಡಿಕೆ. ಇಂತಹ ಓಲೆಗಳಿಗೆ ಮುಂದೆ ‘ಸ್ಪ್ಯಾಮ್’ ಎಂಬ ಹೆಸರು ರೂಢವಾಯಿತು. ಇವನ್ನು ತಡೆಯುವ ಉಪಾಯಗಳ ಇತಿಹಾಸದಲ್ಲಿ ಒಂದು ಪ್ರಶ್ನೆಯು ವಿಶೇಷವಾಗಿ ವಿಚಾರಾರ್ಹವಾಗಿದೆ: ದೂರದ ಸಾಕ್ಷಿಯು ಉತ್ತರ ಕೊಡದಿದ್ದರೆ ಎಷ್ಟು ಹೊತ್ತು ಕಾಯತಕ್ಕದ್ದು, ಮತ್ತು ಅದರ ಮೌನಕ್ಕೆ ಏನೆಂದು ಅರ್ಥಮಾಡತಕ್ಕದ್ದು?

ಗಣಕಗಳ ಹೆಸರಿನಿಂದ ಅವುಗಳ ಅಂಕವಿಳಾಸವನ್ನು ತಿಳಿಸುವ ಡೊಮೇನ್ ನೇಮ್ ಸಿಸ್ಟಮ್ ಎಂಬ ವ್ಯವಸ್ಥೆಯನ್ನು ಪಾಲ್ ಮೊಕಪೆಟ್ರಿಸ್ ಅವರು ೧೯೮೩ರಲ್ಲಿ ರೂಪಿಸಿದರು. ೧೯೯೭ರಲ್ಲಿ ಪಾಲ್ ವಿಕ್ಸಿಯವರು ಸ್ಪ್ಯಾಮ್ ಕಳುಹಿಸುವ ವಿಳಾಸಗಳ ಪಟ್ಟಿಯೊಂದನ್ನು ಆರಂಭಿಸಿದರು. ಆ ಪಟ್ಟಿಯನ್ನು ಪ್ರಶ್ನಿಸಲು ಈ ಹೆಸರಿನ ವ್ಯವಸ್ಥೆಯೇ ಮಾರ್ಗವಾಯಿತು. ಅದರ ಕ್ರಮವು ಸರಳವಾದುದು. ಓಲೆಯು ೧೯೨.೦.೨.೯೯ ಎಂಬ ವಿಳಾಸದಿಂದ ಬಂದಿದ್ದರೆ ಅದನ್ನು ೯೯.೨.೦.೧೯೨ ಎಂದು ತಿರುವಿ, ಪಟ್ಟಿಯ ಹೆಸರನ್ನು ಕೊನೆಗೆ ಸೇರಿಸಿ ಕೇಳುವುದು. ವಿಳಾಸವು ಪಟ್ಟಿಯಲ್ಲಿದ್ದರೆ ೧೨೭.೦.೦.೨ ಮುಂತಾದ ಉತ್ತರವು ಬರುವುದು. ಇಲ್ಲದಿದ್ದರೆ ‘ಅಂತಹ ಹೆಸರಿಲ್ಲ’ ಎಂಬ ಉತ್ತರವು ಬರುವುದು.

೨೦೦೧ನೆಯ ಏಪ್ರಿಲಿನಲ್ಲಿ ಜಸ್ಟಿನ್ ಮೇಸನ್ ಅವರು ಪ್ರಕಟಿಸಿದ ಸ್ಪ್ಯಾಮ್‌ಅಸ್ಯಾಸಿನ್ ಎಂಬ ತಂತ್ರಾಂಶವು ಇಂತಹ ಹಲವು ಪಟ್ಟಿಗಳ ಸಾಕ್ಷ್ಯವನ್ನು ಒಟ್ಟುಗೂಡಿಸಿತು. ಇದು ಒಂದೇ ಲಕ್ಷಣದಿಂದ ನಿರ್ಣಯಿಸುವುದಿಲ್ಲ. ಪ್ರತಿಯೊಂದು ಲಕ್ಷಣಕ್ಕೂ ಅಂಕವನ್ನು ಕೊಟ್ಟು, ಮೊತ್ತವು ೫ನ್ನು ಮುಟ್ಟಿದರೆ ಓಲೆಗೆ ಸ್ಪ್ಯಾಮ್ ಎಂಬ ಗುರುತು ಹಾಕುವುದು ಇದರ ಸಾಮಾನ್ಯ ಕ್ರಮ. ಆದರೆ ಸಾಕ್ಷಿಗಳು ಹೆಚ್ಚಿದಂತೆ ಕಾಲಹರಣವೂ ಹೆಚ್ಚುವುದಷ್ಟೆ. ೨೦ ಪಟ್ಟಿಗಳನ್ನು ಒಂದಾದ ಮೇಲೊಂದರಂತೆ ಕೇಳಿ, ಎಲ್ಲವೂ ಮೌನವಾಗಿದ್ದು, ಪ್ರತಿಯೊಂದಕ್ಕೂ ೧೫ ಸೆಕೆಂಡು ಕಾದರೆ ಒಂದೇ ಓಲೆಗೆ ೩೦೦ ಸೆಕೆಂಡು ಕಳೆಯುವುದು. ಅಷ್ಟರಲ್ಲಿ ಹಿಂದಿನ ಓಲೆಗಳು ಸಾಲುಗಟ್ಟಿ ನಿಲ್ಲುವುವು. ಓಲೆಯನ್ನು ಒಪ್ಪಿಸಿದ ಗಣಕವು ಸ್ವೀಕೃತಿಗಾಗಿ ೧೦ ನಿಮಿಷ ಕಾಯಬೇಕೆಂದು ೧೯೮೯ರ ಅಂತರ್ಜಾಲ ನಿಯಮವು ವಿಧಿಸಿದೆ. ಸ್ವೀಕೃತಿಗೆ ಮೊದಲೇ ಶೋಧಿಸುವ ಕಡೆಗಳಲ್ಲಿ ವಿಳಂಬವು ಆ ಅವಧಿಯನ್ನು ಮೀರಿದರೆ, ಓಲೆಯು ತಲುಪಲಿಲ್ಲವೆಂದು ಭಾವಿಸಿ ಆ ಗಣಕವು ಅದನ್ನೇ ಮತ್ತೆ ಕಳುಹಿಸುವುದು.

ಇದಕ್ಕೆ ಕಂಡುಕೊಂಡ ಪರಿಹಾರವೇ ಹಿನ್ನೆಲೆ ಪ್ರಶ್ನೆ. ಪರೀಕ್ಷೆಯ ಆದಿಯಲ್ಲಿಯೇ ಎಲ್ಲ ಪಟ್ಟಿಗಳಿಗೂ ಪ್ರಶ್ನೆಗಳನ್ನು ಕಳುಹಿಸಿ, ಉತ್ತರಕ್ಕಾಗಿ ನಿಲ್ಲದೆ ಓಲೆಯ ಶಿರೋಭಾಗ, ಒಡಲು ಮುಂತಾದುವನ್ನು ಪರೀಕ್ಷಿಸುತ್ತ, ಬಂದ ಉತ್ತರಗಳನ್ನು ಅಂತ್ಯದಲ್ಲಿ ಕೂಡಿಸಿಕೊಳ್ಳುವುದು. ಉತ್ತರಗಳು ಕೇಳಿದ ಕ್ರಮದಲ್ಲಿಯೇ ಬರಬೇಕೆಂಬ ನಿಯಮವಿಲ್ಲ. ಆದುದರಿಂದ ಪ್ರಶ್ನೆಯ ಕ್ರಮಸಂಖ್ಯೆಯನ್ನೂ ಪಾಠವನ್ನೂ ಹೋಲಿಸಿ ಯಾವ ಉತ್ತರವು ಯಾವ ಪ್ರಶ್ನೆಗೆಂದು ಹೊಂದಿಸಬೇಕಾಗುವುದು. ತಂತ್ರಾಂಶದಲ್ಲಿ ಈ ಕಾರ್ಯವನ್ನು ನಡೆಸುವ ಭಾಗಕ್ಕೆ ‘ಅಸಿಂಕ್‌ಲೂಪ್’ ಎಂದು ಹೆಸರು. ಕಾಯುವ ಅವಧಿಯು ಮೊದಲು ೧೫ ಸೆಕೆಂಡು. ಉತ್ತರಗಳು ಬಂದಂತೆಲ್ಲ ಅದು ಕುಗ್ಗುತ್ತ ೩ ಸೆಕೆಂಡಿನವರೆಗೆ ಇಳಿಯುವುದು. ಬಹುಮಂದಿ ಸಾಕ್ಷಿಗಳು ನುಡಿದ ಮೇಲೆ ಉಳಿದ ಒಬ್ಬಿಬ್ಬರಿಗಾಗಿ ಸಭೆಯನ್ನು ನಿಲ್ಲಿಸಬಾರದೆಂಬುದು ಇದರ ತಾತ್ಪರ್ಯ.

ಇಲ್ಲಿ ಒಂದು ಆಕ್ಷೇಪವುಂಟಾಗಬಹುದು. ಸಾಕ್ಷ್ಯವನ್ನು ಪೂರ್ತಿಯಾಗಿ ಕೇಳದೆ ತೀರ್ಪು ಕೊಡುವುದು ನ್ಯಾಯವೆ? ಈ ವಿಷಯದಲ್ಲಿ ಭಾಟ್ಟ ಮೀಮಾಂಸಕರ ವಿವೇಚನೆಯು ದಾರಿತೋರುವುದು. ಕತ್ತಲೆಯ ಕೋಣೆಯಲ್ಲಿ ಘಟವು ಕಾಣದ ಮಾತ್ರಕ್ಕೆ ಘಟವಿಲ್ಲವೆಂದು ಸಿದ್ಧವಾಗದು; ಕಾಣುವುದಕ್ಕೆ ಬೇಕಾದುದೆಲ್ಲ ಇದ್ದೂ ಕಾಣದಿದ್ದರೆ ಮಾತ್ರ ಅಭಾವವು ತಿಳಿಯುವುದು. ಇದೇ ಯೋಗ್ಯಾನುಪಲಬ್ಧಿ. ‘ಅಂತಹ ಹೆಸರಿಲ್ಲ’ ಎಂಬ ಉತ್ತರವು ಬೆಳಕಿನಲ್ಲಿ ಕಾಣದಿರುವಂತಹುದು. ಉತ್ತರವೇ ಬಾರದಿರುವುದು ಕತ್ತಲೆ. ಅಂಕಗಣನೆಯಲ್ಲಾದರೋ ಎರಡಕ್ಕೂ ಶೂನ್ಯವೇ ಫಲ. ಮೌನದಿಂದ ದೋಷವನ್ನು ಊಹಿಸದಿರುವುದು ಇದರ ಗುಣ. ಇದರಿಂದ ಕೆಲವು ಸ್ಪ್ಯಾಮುಗಳು ನುಸುಳಬಹುದು. ಆದರೆ ಸಾಕ್ಷಿಯ ಆಲಸ್ಯಕ್ಕಾಗಿ ಓಲೆಯು ಅಪರಾಧಿಯಾಗದು.

ಹಾಗೆಂದು ಮೌನವು ಕೇವಲ ನಿರಪಾಯವೆಂದು ಹೇಳಲಾಗದು. ಸಜ್ಜನರ ವಿಳಾಸಗಳನ್ನು ಹೇಳಿ ಅಂಕವನ್ನು ತಗ್ಗಿಸುವ ಪಟ್ಟಿಗಳೂ ಉಂಟು. ಅವು ಸುಮ್ಮನಿದ್ದರೆ ನಿರ್ದೋಷಿಯು ತನಗೆ ಸಲ್ಲಬೇಕಾದ ಆಸರೆಯನ್ನು ಕಳೆದುಕೊಳ್ಳುವನು. ಆದುದರಿಂದಲೇ ತ್ವರೆಗೂ ಒಂದು ಕನಿಷ್ಠ ಮಿತಿಯು ಅವಶ್ಯವಾಗಿದೆ.

ಮೌನಕ್ಕಿಂತಲೂ ಘೋರವಾದುದು ಸುಳ್ಳುಸಾಕ್ಷಿ. ೨೦೦೩ನೆಯ ಆಗಸ್ಟಿನಲ್ಲಿ ಒಸಿರುಸಾಫ್ಟ್ ಎಂಬ ಪಟ್ಟಿಯು ಜಾಲದ ಆಕ್ರಮಣಕ್ಕೆ ಗುರಿಯಾಗಿ ಮುಚ್ಚುವಾಗ, ಕೇಳಿದ ಪ್ರತಿಯೊಂದು ವಿಳಾಸವನ್ನೂ ದೋಷಿಯೆಂದೇ ಹೇಳತೊಡಗಿತು. ಆ ಒಂದರ ಮಾತನ್ನೇ ಪ್ರಮಾಣವೆಂದು ನಂಬಿದ್ದ ಕಡೆಗಳಲ್ಲಿ ಯೋಗ್ಯವಾದ ಓಲೆಗಳೂ ಬಾಗಿಲಿನಿಂದಲೇ ಹಿಂದಿರುಗಿದವು. ಹಲವರನ್ನು ಕೇಳಿ, ಒಬ್ಬೊಬ್ಬರ ಮಾತಿಗೂ ಮಿತವಾದ ಬೆಲೆಯನ್ನು ಕಟ್ಟುವ ಪದ್ಧತಿಯ ಅಗತ್ಯವು ಇದರಿಂದ ಸ್ಪಷ್ಟವಾಯಿತು. ಹಲವರನ್ನು ಕೇಳುವುದು ಸಾಧ್ಯವಾದುದಾದರೂ ಅವರೆಲ್ಲರನ್ನೂ ಏಕಕಾಲದಲ್ಲಿ ಕೇಳಬಹುದಾದುದರಿಂದ. ಆದಕಾರಣ ಹಿನ್ನೆಲೆ ಪ್ರಶ್ನೆಯನ್ನು ಕೇವಲ ವೇಗಸಾಧನೆಯೆಂದು ಭಾವಿಸತಕ್ಕದ್ದಲ್ಲ. ಆಪ್ತವಾಕ್ಯವೆಂದು ಒಬ್ಬನನ್ನೇ ನೆಚ್ಚಿ ಕೆಡದಿರುವುದಕ್ಕೆ ಅದೇ ಆಧಾರವಾಗಿದೆ.