ಲಂಡನ್ ಪತ್ರ 17: ಅಂಚೆಚೀಟಿ ಇಲ್ಲದ ಕಾಗದಗಳು

ಕಳೆದ ಪತ್ರದಲ್ಲಿ ಇಲ್ಲಿನ ಚುನಾವಣೆಯ ಕರಪತ್ರಗಳ ಫೋಟೋ ಹಾಕಿದ್ದೆ. ಅದಕ್ಕೆ ಚಿಕ್ಕಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟಕ್ಕೂ ಅಂಚೆ ದುಡ್ಡು ಯಾರು ಕೊಡ್ತಾರಮ್ಮ?" ತೆರಿಗೆ ಕಟ್ಟೋ ನಾವೇ ಚಿಕ್ಕಪ್ಪ. ಇಲ್ಲಿ ನೆಲೆಸಿರುವ ಭಾರತದ ಪಾಸ್‌ಪೋರ್ಟಿನವರಿಗೂ ಓಟಿದೆ, ಕಾಮನ್‌ವೆಲ್ತ್ ದೇಶದವರು ಅಂತ. ಹಾಗಾಗಿ ನನ್ನ ಹೆಸರಿಗೂ ಬರುತ್ತವೆ. ಆದರೆ ಈ ದುಡ್ಡಿನ ಜಗಳ ಇವತ್ತಿನದಲ್ಲ.

ಥೇಮ್ಸ್ ದಡದಲ್ಲಿ ನಮ್ಮ ಬಸವಣ್ಣನವರ ಪ್ರತಿಮೆ ಇದೆಯಲ್ಲ, ಅದರ ಎದುರು ದಡವೇ ಪಾರ್ಲಿಮೆಂಟು. ಅಲ್ಲಿನ ಸದಸ್ಯರಿಗೆ 17ನೇ ಶತಮಾನದಿಂದಲೂ ಒಂದು ಸವಲತ್ತಿತ್ತು. ಕಾಗದದ ಹೊರಗೆ ಸಹಿ ಹಾಕಿದರೆ ಸಾಕು, ಅಂಚೆ ಪುಕ್ಕಟೆ. ಇದಕ್ಕೆ ಫ್ರ್ಯಾಂಕಿಂಗ್ ಅಂತ ಹೆಸರು. ಆಗ ಸಾಮಾನ್ಯವಾಗಿ ಅಂಚೆ ಖರ್ಚು ಕೊಡುತ್ತಿದ್ದವರು ಕಾಗದ ಪಡೆದವರು. ಲಂಡನ್ನಿಂದ ಎಡಿನ್‌ಬರೋಗೆ ಹೋದ ಒಂದು ಕಾಗದ ಬಿಡಿಸಿಕೊಳ್ಳಲು ಒಂದು ಶಿಲಿಂಗಿಗೂ ಹೆಚ್ಚು ಬೇಕಿತ್ತು. ಅಂದಮೇಲೆ ಸದಸ್ಯರ ಸಹಿಗೆ ಬೆಲೆ ಬಾರದೆ ಇರುತ್ತದೆಯೇ? ಖಾಲಿ ಹಾಳೆಗೆ ಸಹಿ ಹಾಕಿ ನೆಂಟರಿಗೆ, ಸ್ನೇಹಿತರಿಗೆ, ವ್ಯಾಪಾರಸ್ಥರಿಗೆ ಹಂಚಿದರು. 1764ರಲ್ಲಿ ಕಾನೂನು ಬಂತು: ವಿಳಾಸ ಪೂರ್ತಿ ಸದಸ್ಯರ ಕೈಬರಹದಲ್ಲೇ ಇರಬೇಕು. ಆದರೂ ನಿಲ್ಲಲಿಲ್ಲ. 1784ರಲ್ಲಿ ಊರು, ತಾರೀಖೂ ಬರೆಯಬೇಕು ಅಂದರು. 1795ರಲ್ಲಿ ದಿನಕ್ಕೆ ಕಳಿಸೋದು ಹತ್ತು, ಪಡೆಯೋದು ಹದಿನೈದು ಅಂತ ಮಿತಿ ಹಾಕಿದರು. ನಮ್ಮ ವಾರ್ಡಿನ ಔಷಧಿ ಚಾರ್ಟಿನಲ್ಲೂ ಸಹಿ, ತಾರೀಖು, ಸಮಯ ಎಲ್ಲ ಬೇಕು. ಇಂಥ ನಿಯಮ ಸುಮ್ಮನೆ ಹುಟ್ಟೋದಿಲ್ಲ, ಯಾರೋ ಮೊದಲು ಏನೋ ಮಾಡಿರುತ್ತಾರೆ!

ಕೊನೆಗೆ 1840ರ ಜನವರಿ 10ರಂದು, ರೋಲ್ಯಾಂಡ್ ಹಿಲ್ ಹೋರಾಡಿ ತಂದ ಒಂದು ಪೆನ್ನಿ ಅಂಚೆ ದೇಶಕ್ಕೆಲ್ಲ ಜಾರಿಯಾದ ದಿನವೇ, ಸದಸ್ಯರ ಪುಕ್ಕಟೆ ಅಂಚೆ ನಿಂತಿತು. ವಿಕ್ಟೋರಿಯಾ ರಾಣಿಯೂ ತನ್ನದನ್ನು ಬಿಟ್ಟುಕೊಟ್ಟಳು.

ಪುಕ್ಕಟೆ ಅಂಚೆ ಮತ್ತೆ ಬಂದದ್ದು 1918ರ ಕಾಯ್ದೆಯಲ್ಲಿ, ಆದರೆ ಬೇರೆ ರೂಪದಲ್ಲಿ. ಮೂವತ್ತು ದಾಟಿದ ಹೆಂಗಸರಿಗೆ (ಎಲ್ಲರಿಗೂ ಅಲ್ಲ, ಆಸ್ತಿಯ ಷರತ್ತಿತ್ತು) ಮೊದಲ ಸಲ ಓಟು ಕೊಟ್ಟ ಕಾಯ್ದೆಯೂ ಅದೇ. ಪಾರ್ಲಿಮೆಂಟಿಗೆ ನಿಂತ ಅಭ್ಯರ್ಥಿ ಯಾರೇ ಆಗಲಿ, ಮತದಾರರಿಗೆ ಒಂದು ಸಲ ಪುಕ್ಕಟೆ ಕಾಗದ ಕಳಿಸಬಹುದು. ಮುದ್ರಣದ ಖರ್ಚು ಅವರದು, ಅಂಚೆ ಖರ್ಚು ಸರ್ಕಾರದ್ದು. ಗೆದ್ದವನಿಗೂ ಸೋಲುವವನಿಗೂ ಒಂದೇ ಲೆಕ್ಕ. ಇದಕ್ಕೆ ನನ್ನ ತೆರಿಗೆ ಹೋದರೆ ನನಗೆ ಬೇಜಾರಿಲ್ಲ.

ಬೇಜಾರು 2007ರದ್ದಕ್ಕೆ. ಆ ವರ್ಷ ಸಂಸದರು ತಮಗೆ ತಾವೇ ವರ್ಷಕ್ಕೆ 10,000 ಪೌಂಡಿನ 'ಸಂಪರ್ಕ ಭತ್ಯೆ' ಮಂಜೂರು ಮಾಡಿಕೊಂಡರು. ಕ್ಷೇತ್ರದ ಜನರಿಗೆ ವರದಿ, ಸುದ್ದಿಪತ್ರ, ವೆಬ್‌ಸೈಟು ಮಾಡಲಿಕ್ಕೆ. ಪಕ್ಷದ ಪ್ರಚಾರ ಕೂಡದು ಅಂತ ನಿಯಮವೇನೋ ಇತ್ತು. ಆದರೆ ನಗುಮುಖದ ಫೋಟೋ, ಮಾಡಿದ ಕೆಲಸಗಳ ಪಟ್ಟಿ ಮನೆಮನೆಗೆ ಹೋದಮೇಲೆ ಪಕ್ಷದ ಚಿಹ್ನೆ ಯಾಕೆ ಬೇಕು? ಎದುರಾಳಿಗೆ ಆ ಹಣ ಸಿಗುತ್ತಿರಲಿಲ್ಲ. ಸಂಸದರ ಖರ್ಚಿನ ಹಗರಣ 2009ರಲ್ಲಿ ಸಿಡಿದ ಮೇಲೆ, 2010ರಲ್ಲಿ ಈ ಭತ್ಯೆ ರದ್ದಾಯಿತು.

ಲಂಡನ್ ಮೇಯರ್ ಚುನಾವಣೆಯ ಕಥೆ ಇನ್ನೊಂದು. 2000ದಲ್ಲಿ ಮೊದಲ ಚುನಾವಣೆಗೆ ಪುಕ್ಕಟೆ ಅಂಚೆ ಕೊಡೋದಿಲ್ಲ ಅಂತ ಸರ್ಕಾರ ಹಟ ಹಿಡಿಯಿತು, ಲಾರ್ಡ್ಸ್ ಸಭೆ ಒಪ್ಪಲಿಲ್ಲ. ರಾಜಿಯಾಗಿ ಎಲ್ಲ ಅಭ್ಯರ್ಥಿಗಳ ಮಾತೂ ಸೇರಿದ ಒಂದೇ ಪುಸ್ತಿಕೆ ಬಂತು. ಈಗಲೂ ಬರುತ್ತದೆ. ಅದರಲ್ಲಿ ಜಾಗ ಬೇಕಾದವರು ಮುದ್ರಣದ ಖರ್ಚಿಗೆ ಪಾಲು ಕೊಡಬೇಕು. ಬಡ ಅಭ್ಯರ್ಥಿಗೆ ಅದೇ ಕಷ್ಟ.

ನಮ್ಮಲ್ಲಿ ಕಾಗದದ ಬದಲು ಪೇಪರ್ ಜಾಹೀರಾತು, ಫ್ಲೆಕ್ಸು. ಸರ್ಕಾರಿ ಜಾಹೀರಾತಿನಲ್ಲಿ ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ ಬಿಟ್ಟು ಬೇರೆಯವರ ಫೋಟೋ ಬೇಡ ಅಂತ 2015ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವರ್ಷ ತುಂಬುವುದರೊಳಗೆ ಮುಖ್ಯಮಂತ್ರಿಗಳೂ ಮಂತ್ರಿಗಳೂ ಫೋಟೋದೊಳಗೆ ವಾಪಸ್ ಬಂದರು.

ಅಂದ ಹಾಗೆ, ಚುನಾವಣೆಗೆ ಮುಂಚಿನ ಕೆಲವು ವಾರ ಇಲ್ಲಿನ ಕೌನ್ಸಿಲ್‌ಗಳು ಪ್ರಚಾರದಂತೆ ಕಾಣುವ ಯಾವುದನ್ನೂ ಹೊರಡಿಸುವಂತಿಲ್ಲ. ಆ ಅವಧಿಯನ್ನು ಇಲ್ಲಿಯವರು ಕರೆಯುವುದು 'ಪರ್ದಾ' ಅಂತ. ಹೌದು, ನಮ್ಮ ಕಡೆಯಿಂದ ಹೋದ ಅದೇ ಪರದೆ.