ಗಾಯಾಳುವನ್ನು ಬಿಟ್ಟು ಹೋಗದ ಮೇಜರ್



2008ರ ನವೆಂಬರ್ 26ರ ರಾತ್ರಿ ಮುಂಬೈ ಮೇಲೆ ಉಗ್ರರು ದಾಳಿ ನಡೆಸಿದರು. ತಾಜ್ ಹೋಟೆಲಿನಲ್ಲಿ ಸಿಲುಕಿದ್ದವರನ್ನು ಬಿಡಿಸಲು ರಾಷ್ಟ್ರೀಯ ಭದ್ರತಾ ಪಡೆಯ ಕಮಾಂಡೊಗಳು ಬಂದರು. ಅವರಲ್ಲೊಂದು ತಂಡದ ನಾಯಕರು ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉಣ್ಣಿಕೃಷ್ಣನ್. ಆಗ ಅವರಿಗೆ 31 ವರ್ಷ.

ಆ ಕಾರ್ಯಾಚರಣೆಯಲ್ಲಿ ಅವರು 14 ಮಂದಿ ಒತ್ತೆಯಾಳುಗಳನ್ನು ಬಿಡಿಸಿದರು. ಗುಂಡಿನ ಸುರಿಮಳೆಯ ನಡುವೆ ತಂಡದ ಒಬ್ಬ ಕಮಾಂಡೊ ತೀವ್ರವಾಗಿ ಗಾಯಗೊಂಡರು. ಸಂದೀಪ್ ಗುರಿಯಿಟ್ಟು ಗುಂಡು ಹಾರಿಸುತ್ತಾ ಉಗ್ರರು ಮುಂದೆ ಬಾರದಂತೆ ತಡೆದರು. ಗಾಯಾಳುವನ್ನು ಸುರಕ್ಷಿತ ಜಾಗಕ್ಕೆ ತಲುಪಿಸಿದರು. ಈ ನಡುವೆ ಅವರದೇ ಬಲಗೈಗೆ ಗುಂಡು ತಗಲಿತು. ಅಷ್ಟಕ್ಕೇ ಹಿಂದೆ ಸರಿದಿದ್ದರೂ ಯಾರೂ ದೂರುತ್ತಿರಲಿಲ್ಲ. ಅವರು ಸರಿಯಲಿಲ್ಲ. ಕೊನೆಯುಸಿರಿನ ತನಕ ಹೋರಾಡಿ ನವೆಂಬರ್ 28ರಂದು ಹುತಾತ್ಮರಾದರು. 2009ರ ಗಣರಾಜ್ಯೋತ್ಸವದಂದು ದೇಶ ಅವರಿಗೆ ಮರಣೋತ್ತರ ಅಶೋಕ ಚಕ್ರ ನೀಡಿತು.

ಅವರಿಗೆ ಮೊದಲು ಕಂಡದ್ದು ಬಿದ್ದವನ ಜೀವ, ತನ್ನದಲ್ಲ. ಪುತ್ತೂರು, ಸುಳ್ಯ, ಕಡಬದ ನಮ್ಮ ರಸ್ತೆಗಳಲ್ಲಿ ಅಪಘಾತವಾದಾಗ ನಮ್ಮತ್ತ ಗುಂಡು ಹಾರಿಸುವವರಿಲ್ಲ. ಕೇಸಿಗೆ ಸಿಲುಕುವ ಭಯ ಮಾತ್ರ. ನೆರವಿಗೆ ಬಂದವರನ್ನು ರಕ್ಷಿಸಲು 2019ರಲ್ಲೇ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿದೆ. ಮೊಬೈಲ್ ಜೇಬಿಗಿಟ್ಟು ಗಾಯಾಳುವಿಗೆ ಹೆಗಲು ಕೊಡೋಣ. ಅವರು ಯಾರ ಮಕ್ಕಳೆಂದು ಆಮೇಲೆ ಕೇಳಿದರಾಯಿತು.